ಏಳನೆಯವನ ಪಾಲು

ನನ್ನ ಪಿಎಚ್‌ಡಿ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಹನ್ನೆರಡು ಜನರಿದ್ದಾರೆ. ಅವರಿಗೆ ಹೆಸರಿಲ್ಲ, ಒಂದರಿಂದ ಹನ್ನೆರಡರವರೆಗೆ ಅಂಕಿಗಳಷ್ಟೇ. ಐದು ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಒಂದು ಬಯಲಿನಲ್ಲಿ ಅಲ್ಲೊಬ್ಬ ಇಲ್ಲೊಬ್ಬ ನಿಂತಿದ್ದಾರೆ. ನಡುವೆ ಒಂದು ಗುಡ್ಡ. ಮೇಲೆ ಒಂದು ಡ್ರೋನ್ ಸುತ್ತು ಹಾಕುತ್ತಿದೆ. ಅದು ಬಾಂಬು ಹಾಕುವ ಡ್ರೋನ್ ಅಲ್ಲ. ಕೆಳಗಿರುವವರ ಸಂದೇಶಗಳನ್ನು ಎತ್ತಿಕೊಂಡು ಇನ್ನೊಂದು ಕಡೆಗೆ ದಾಟಿಸುವುದು ಅದರ ಕೆಲಸ. ಹಾರುವ ಮೊಬೈಲ್ ಟವರ್ ಅಂದುಕೊಳ್ಳಿ. ಅದರ ಹತ್ತಿರ ಹತ್ತು ಮೆಗಾಹರ್ಟ್ಸ್ ತರಂಗಾಂತರ ಇದೆ. ಈ ಹತ್ತನ್ನು ಹನ್ನೆರಡು ಸೈನಿಕರಿಗೆ ಹೇಗೆ ಹಂಚಬೇಕು ಅನ್ನುವುದೇ ನನ್ನ ಸಂಶೋಧನೆ. ಐದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ.

ಒಟ್ಟು ರವಾನೆ ಆದಷ್ಟು ಹೆಚ್ಚಿರಲಿ ಎಂದು ಕಂಪ್ಯೂಟರಿಗೆ ಹೇಳಿ, ಒಬ್ಬನಿಗೇ ಎಲ್ಲವೂ ಹೋಗದಂತೆ ಒಂದು ಮೇಲ್ಮಿತಿ ಹಾಕಿ ಪ್ರೋಗ್ರಾಂ ಓಡಿಸಿದರೆ ಕೆಲವೇ ಸೆಕೆಂಡಿನಲ್ಲಿ ಪಟ್ಟಿ ಬರುತ್ತದೆ. ಡ್ರೋನಿಗೆ ಚೆನ್ನಾಗಿ ಕಾಣುವ ನಾಲ್ಕು ಜನರಿಗೆ ಹತ್ತೂ ಮೆಗಾಹರ್ಟ್ಸ್ ಹೋಗಿರುತ್ತದೆ. ಉಳಿದವರ ಎದುರು ಸೊನ್ನೆ. ಡ್ರೋನನ್ನು ಸ್ವಲ್ಪ ಆಚೀಚೆ ಸರಿಸಿದರೆ ಮೂರನೆಯವನಿಗೋ ಹತ್ತನೆಯವನಿಗೋ ಅದೃಷ್ಟ ಖುಲಾಯಿಸುತ್ತದೆ. ಗುಡ್ಡದ ಹಿಂದಿರುವ ಏಳನೆಯವನಿಗೆ ಮಾತ್ರ ಯಾವ ಸಲವೂ ಇಲ್ಲ. ನಾನು ಕೇಳಿದ ಪ್ರಶ್ನೆಗೆ ಇದೇ ಸರಿಯಾದ ಉತ್ತರ. ನಮ್ಮ ವಿಷಯದಲ್ಲಿ ಇದಕ್ಕೆ 'ಆಪ್ಟಿಮಲ್' ಅನ್ನುತ್ತಾರೆ. ಆ ಪದ ಕಂಡರೆ ಪ್ರಬಂಧ ಓದುವವರು ತಲೆದೂಗಿ ಮುಂದಿನ ಪುಟಕ್ಕೆ ಹೋಗುತ್ತಾರೆ.

ಹೀಗೇಕೆ ಆಗುತ್ತದೆ ಎಂದು ಹೇಳಲು ಸ್ವಲ್ಪ ಲೆಕ್ಕ ಬೇಕು. ಹೆದರಬೇಡಿ, ಕಿರಾಣಿ ಅಂಗಡಿಯ ಲೆಕ್ಕಕ್ಕಿಂತ ಕಷ್ಟವಿಲ್ಲ. 1948ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕ್ಲಾಡ್ ಶಾನನ್ ಒಂದು ಸೂತ್ರ ಕೊಟ್ಟ. ಒಂದು ದಾರಿಯಲ್ಲಿ ಸೆಕೆಂಡಿಗೆ ಎಷ್ಟು ಮಾಹಿತಿ ತಪ್ಪಿಲ್ಲದೆ ದಾಟಬಹುದು ಎನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ. ತರಂಗಾಂತರದ ಅಗಲ ಎಷ್ಟು, ಸಂಕೇತ ಸುತ್ತಲಿನ ಗದ್ದಲಕ್ಕಿಂತ ಎಷ್ಟು ಪಟ್ಟು ಬಲವಾಗಿದೆ. ಡ್ರೋನಿನ ಎದುರಿಗೇ ಇರುವ ಒಬ್ಬನ ಸಂಕೇತ ಗದ್ದಲದ ನೂರು ಪಟ್ಟು ಇದೆ ಅನ್ನಿ. ಅವನಿಗೆ ಒಂದು ಮೆಗಾಹರ್ಟ್ಸ್ ಕೊಟ್ಟರೆ ಸೆಕೆಂಡಿಗೆ 6.66 ಮೆಗಾಬಿಟ್ ದಾಟುತ್ತದೆ. ಗುಡ್ಡದ ಹಿಂದಿನವನ ಸಂಕೇತ ಗದ್ದಲದ ಹತ್ತನೇ ಒಂದು ಭಾಗ ಮಾತ್ರ ಇದ್ದರೆ, ಅದೇ ಒಂದು ಮೆಗಾಹರ್ಟ್ಸ್‌ನಲ್ಲಿ ಅವನಿಂದ ದಾಟುವುದು 0.1375 ಮೆಗಾಬಿಟ್. ಸುಮಾರು 48 ಪಟ್ಟು ವ್ಯತ್ಯಾಸ. ಒಟ್ಟು ಮೊತ್ತವನ್ನಷ್ಟೇ ನೋಡುವ ಯಾರೇ ಆದರೂ ಗುಡ್ಡದ ಹಿಂದಿನವನಿಗೆ ಕೊಟ್ಟದ್ದನ್ನು ನಷ್ಟದ ಖಾತೆಗೇ ಬರೆಯುತ್ತಾರೆ.

ಹನ್ನೆರಡು ಜನರನ್ನು ಬಿಟ್ಟು ಈ ಇಬ್ಬರನ್ನೇ ಇಟ್ಟುಕೊಳ್ಳೋಣ. ಮೊತ್ತ ಹೆಚ್ಚಿಸುವ ದಾರಿಯಲ್ಲಿ ಒಬ್ಬನಿಗೆ 66.6 ಮೆಗಾಬಿಟ್, ಇನ್ನೊಬ್ಬನಿಗೆ ಏನೂ ಇಲ್ಲ. ಇದು ಅನ್ಯಾಯ ಅನ್ನಿಸಿದವರು ಎರಡನೇ ದಾರಿ ಹಿಡಿಯುತ್ತಾರೆ. ಅತಿ ಕಡಿಮೆ ಸಿಗುವವನ ಪಾಲು ಆದಷ್ಟು ಹೆಚ್ಚಾಗಲಿ, ಅಂದರೆ ಕೊನೆಗೆ ಇಬ್ಬರಿಗೂ ಸಮ ಬರಲಿ ಎನ್ನುವ ದಾರಿ. ಕೇಳಲು ಚೆನ್ನಾಗಿದೆ. ಆದರೆ ಹಾಗೆ ಮಾಡಿದರೆ ಗುಡ್ಡದ ಹಿಂದಿನವನಿಗೆ 9.8 ಮೆಗಾಹರ್ಟ್ಸ್ ಸುರಿಯಬೇಕು, ಎದುರಿನವನಿಗೆ 0.2 ಉಳಿಯುತ್ತದೆ. ಇಬ್ಬರಿಗೂ ಸಿಗುವುದು ತಲಾ 1.35 ಮೆಗಾಬಿಟ್. ಅರವತ್ತಾರು ಇದ್ದದ್ದು ಇಬ್ಬರದೂ ಸೇರಿ ಎರಡು ಮುಕ್ಕಾಲಿಗೆ ಇಳಿಯಿತು. ಮೂರನೇ ದಾರಿಗೆ ಕೇಂಬ್ರಿಜ್‌ನ ಗಣಿತಜ್ಞ ಫ್ರಾಂಕ್ ಕೆಲಿ ಮತ್ತು ಸಂಗಡಿಗರ 1998ರ ಪ್ರಬಂಧ ಆಧಾರ. ಅದರಲ್ಲಿ ಒಬ್ಬನ ಲಾಭವನ್ನು ಅವನಿಗೆ ಈಗಾಗಲೇ ಎಷ್ಟಿದೆ ಎನ್ನುವುದರ ಎದುರು ಇಟ್ಟು ತೂಗುತ್ತಾರೆ. ಏನೂ ಇಲ್ಲದವನಿಗೆ ಸಿಕ್ಕ ಒಂದು ಬಿಟ್, ತುಂಬ ಇರುವವನಿಗೆ ಸಿಕ್ಕ ಒಂದು ಬಿಟ್‌ಗಿಂತ ಭಾರ. ಈ ಲೆಕ್ಕದಲ್ಲಿ ಇಬ್ಬರಿಗೂ ಐದೈದು ಮೆಗಾಹರ್ಟ್ಸ್ ಬರುತ್ತದೆ. ಒಬ್ಬ 33.3 ಮೆಗಾಬಿಟ್ ಪಡೆಯುತ್ತಾನೆ, ಇನ್ನೊಬ್ಬ 0.69. ನೆಟ್‌ವರ್ಕ್ ಓದುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಹೆಚ್ಚಾಗಿ ಇಲ್ಲೇ.

ಇದನ್ನು ಇಂಗ್ಲಿಷಿನಲ್ಲಿ ಓದುವಾಗ ಹೊಸದೆನಿಸಿತ್ತು. ಆಮೇಲೆ ನಮ್ಮ ತುಮಕೂರು ಸೀಮೆಯ ಹಿರಿಯರ ಬಾಯಲ್ಲಿ ಕೇಳಿದ 'ದಾಮಾಷಾ' ಎಂಬ ಮಾತು ನೆನಪಾಯಿತು. ಕೆರೆ ತುಂಬಿದ ವರ್ಷ ನೀರುಗಂಟಿ ತೂಬು ಎತ್ತಿ ಅಚ್ಚುಕಟ್ಟಿಗೆಲ್ಲ ಸರದಿಯಂತೆ ನೀರು ಬಿಡುತ್ತಿದ್ದ. ಅರ್ಧ ಕೆರೆಯೂ ತುಂಬದ ವರ್ಷ ಅದು ಕೊನೆಯ ಗದ್ದೆಗಳಿಗೆ ಹರಿದು ಹೋಗುವಷ್ಟರಲ್ಲಿ ಕಾಲುವೆಯ ಮಣ್ಣೇ ಕುಡಿದುಬಿಡುತ್ತದೆ. ಅಂಥ ವರ್ಷ ಊರವರು ಕೂತು ತೂಬಿನ ಹತ್ತಿರದ ಒಂದಿಷ್ಟು ಜಮೀನನ್ನು ಮಾತ್ರ ಬೆಳೆಗೆ ಇಟ್ಟುಕೊಂಡು, ಅದನ್ನೇ ಎಲ್ಲರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಹಂಚುತ್ತಿದ್ದರು. ಕೊನೆಯ ಗದ್ದೆಯವನೂ ಆ ವರ್ಷ ತೂಬಿನ ಬಾಯಲ್ಲಿ ಎರಡು ಮಡಿ ಬೆಳೆಯುತ್ತಿದ್ದ. ನಾನು ಇದನ್ನು ಕಣ್ಣಾರೆ ಕಂಡಿಲ್ಲ. ನಾನು ಹುಟ್ಟುವ ಹೊತ್ತಿಗೆ ನಮ್ಮ ಕಡೆ ಬೋರ್‌ವೆಲ್ ಬಂದು, ಯಾರ ನೀರು ಅವರದೇ ಆಗಿತ್ತು. ದಾಮಾಷಾ ಎಂಬ ಪದ ಈಗ ಹಳೆಯ ವಿಭಾಗಪತ್ರಗಳಲ್ಲಿ ಉಳಿದಿರಬಹುದು. ಕೆಲಿಯ ಗಣಿತಕ್ಕೂ ಇದಕ್ಕೂ ಪೂರ್ತಿ ತಾಳೆಯಾಗುವುದಿಲ್ಲ ಎನ್ನುವುದು ಗೊತ್ತು. ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ದಾಮಾಷಾದಲ್ಲಿ ನೀರು ಜನರ ಹತ್ತಿರ ಹೋಗುವುದಿಲ್ಲ, ಜನರು ನೀರಿನ ಹತ್ತಿರ ಬರುತ್ತಾರೆ. ಗದ್ದೆಯಲ್ಲಿ ಇದು ಜಾಣತನ. ಗುಂಡು ಹಾರುವ ಕಡೆ ಇದೇ ಜಾಣತನ ಏನಾಗುತ್ತದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಒಂದು ದಿನ ಈ ಮೂರೂ ದಾರಿಗಳನ್ನು ನಮ್ಮ ಸೋದರಮಾವನಿಗೆ ವಿವರಿಸಿದೆ. ಅವರು ಸೇನೆಯ ಸಿಗ್ನಲ್ಸ್ ಪಡೆಯಲ್ಲಿ ರೇಡಿಯೋ ಆಪರೇಟರ್ ಆಗಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಜಬಲ್‌ಪುರದಲ್ಲಿ ತರಬೇತಿ, ಆಮೇಲೆ ಹೆಚ್ಚು ಕಾಲ ಲಡಾಖ್. ಎಲ್ಲವನ್ನೂ ಕೇಳಿಸಿಕೊಂಡು, "ಇಷ್ಟೆಲ್ಲ ಕೊಟ್ಟು ಅವನೇನು ಮಾಡ್ತಾನಮ್ಮ?" ಅಂದರು.

"ಯಾರು ಮಾವ?"

"ಅದೇ, ಆ ಗುಡ್ಡದ ಹಿಂದಿರೋನು. ಸಿನಿಮಾ ನೋಡ್ತಾನಾ? ಎರಡು ಮಾತು ಹೇಳೋಕೆ ಜಾಗ ಕೊಡಮ್ಮ ಸಾಕು."

ಸಮಪಾಲು ಎಷ್ಟು ಎಂದು ಲೆಕ್ಕ ಹಾಕುತ್ತಿದ್ದವಳಿಗೆ ಅಗತ್ಯ ಎಷ್ಟು ಎಂದು ಕೇಳಿದ ಮೊದಲಿಗರು ಅವರೇ. ಅವತ್ತೇ ರಾತ್ರಿ ಲೆಕ್ಕ ಹಾಕಿದೆ. ಸೇನೆಗಳ ಇಕ್ಕಟ್ಟಾದ ರೇಡಿಯೋ ದಾರಿಗಳಲ್ಲಿ ಮಾತು ಕಳಿಸಲು ಬಳಸುವ ಕೋಡೆಕ್ ಒಂದಿದೆ. ನಾಟೊ ದೇಶಗಳು ಒಪ್ಪಿಕೊಂಡಿರುವ ಅದರ ಹೆಸರು ಮೆಲ್ಪಿ. ಅದು ಸೆಕೆಂಡಿಗೆ 2400 ಬಿಟ್‌ನಲ್ಲಿ ಮನುಷ್ಯನ ಮಾತನ್ನು ಅರ್ಥವಾಗುವಂತೆ ದಾಟಿಸುತ್ತದೆ. ಬೇಕಾದರೆ 1200ಕ್ಕೆ, 600ಕ್ಕೂ ಇಳಿಯುತ್ತದೆ. ಗುಡ್ಡದ ಹಿಂದಿನ ಅಷ್ಟು ಕೆಟ್ಟ ಸಂಕೇತದಲ್ಲೂ 2400 ಬಿಟ್ ದಾಟಿಸಲು ಶಾನನ್‌ನ ಲೆಕ್ಕದಲ್ಲಿ 17.5 ಕಿಲೋಹರ್ಟ್ಸ್ ಸಾಕು. ನಿಜವಾದ ರೇಡಿಯೋದಲ್ಲಿ ಇನ್ನಷ್ಟು ಬೇಕಾಗುತ್ತದೆ, ಇರಲಿ. ಹತ್ತು ಮೆಗಾಹರ್ಟ್ಸ್‌ನಲ್ಲಿ ಅದು ಸಾವಿರಕ್ಕೆ ಎರಡು ಪಾಲೂ ಅಲ್ಲ. ಏಳನೆಯವನನ್ನು ಸೊನ್ನೆಯಿಂದ ಎತ್ತಲು ಒಟ್ಟು ಮೊತ್ತದಲ್ಲಿ ಆಗುವ ನಷ್ಟ ಗ್ರಾಫಿನಲ್ಲಿ ಬರೆದರೆ ಕಣ್ಣಿಗೂ ಕಾಣುವುದಿಲ್ಲ. ಡ್ರೋನಿನಿಂದ ಇಳಿಯುವ ಒಂದು ಸಾಧಾರಣ ವಿಡಿಯೊ ಎರಡೂವರೆ ಮೆಗಾಬಿಟ್ ತಿನ್ನುತ್ತದೆ. ಅಷ್ಟರಲ್ಲಿ ಸಾವಿರ ಜನ ಮಾತಾಡಬಹುದು. ಅಂದರೆ ಏಳನೆಯವನನ್ನು ಬಿಟ್ಟದ್ದು ತರಂಗಾಂತರ ಸಾಲದು ಅಂತಲ್ಲ. ಅವನಿಗೆ ಇಷ್ಟಾದರೂ ಇರಲಿ ಎಂಬ ಒಂದು ಸಾಲನ್ನು ಯಾರೂ ಬರೆದಿರಲಿಲ್ಲ, ಅಷ್ಟೆ.

ಮಾವನ ಹತ್ತಿರ ಇನ್ನೂ ಒಂದು ವಿಷಯ ಕೇಳಬೇಕಿತ್ತು. ಸಂದೇಶಗಳಿಗೆ ತುರ್ತಿನ ದರ್ಜೆ ಹಾಕುವ ಪದ್ಧತಿ ಎಲ್ಲ ಸೇನೆಗಳಲ್ಲೂ ಇದೆ. ಅಮೆರಿಕದ ಕಡೆಯ ಕ್ರಮದಲ್ಲಿ ಫ್ಲ್ಯಾಶ್, ಇಮೀಡಿಯೆಟ್, ಪ್ರಯಾರಿಟಿ, ರೂಟೀನ್ ಎಂದು ನಾಲ್ಕು. ನಮ್ಮ ಸೂತ್ರಗಳಲ್ಲಿ ಇದೇ ಒಂದು ಅಂಕಿಯಾಗಿ ಬರುತ್ತದೆ, ಅದಕ್ಕೆ ತೂಕ ಅನ್ನುತ್ತೇವೆ. ಪ್ರಬಂಧಗಳಲ್ಲಿ "ತೂಕಗಳನ್ನು ಮೊದಲೇ ಕೊಡಲಾಗಿದೆ ಎಂದುಕೊಳ್ಳೋಣ" ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತೇವೆ. ಕೊಡುವವರು ಯಾರು?

"ಎಲ್ಲಾರೂ ನಂದೇ ಅರ್ಜೆಂಟು ಅಂತಾರೆ ಕಣಮ್ಮ," ಅಂದರು ಮಾವ. "ಸಾಹೇಬರ ಊಟದ ವಿಚಾರ ಆದ್ರೂ ಅರ್ಜೆಂಟೇ."

"ಮತ್ತೆ ನೀವು ಹೆಂಗೆ ಗೊತ್ತು ಮಾಡ್ಕೊಳ್ತಿದ್ರಿ?"

"ದನಿ ಕೇಳಿದ್ರೆ ಗೊತ್ತಾಗೋದು. ನಿಜವಾಗ್ಲೂ ಕಷ್ಟದಲ್ಲಿರೋನು ಜೋರಾಗಿ ಮಾತಾಡಲ್ಲ. ಉಸಿರು ಹಿಡ್ಕೊಂಡು ಮಾತಾಡ್ತಾನೆ."

2400 ಬಿಟ್‌ನ ಮಾತಿನ ಮಾದರಿಗಳನ್ನು ನಾನು ಪ್ರಯೋಗಾಲಯದಲ್ಲಿ ಕೇಳಿದ್ದೇನೆ. ಪದಗಳೆಲ್ಲ ಸ್ಪಷ್ಟ, ದನಿ ಮಾತ್ರ ಡಬ್ಬಿಯೊಳಗಿಂದ ಬಂದಂತೆ. ಮಾವ ಹೇಳುವ ಉಸಿರು ಅದರಲ್ಲಿ ಎಷ್ಟು ಉಳಿದೀತೋ. ಪ್ಯಾಕೆಟ್ಟುಗಳ ಸಾಲಿನಲ್ಲಿ ನಿಂತಿರುವ ಸಂದೇಶಕ್ಕಂತೂ ಉಸಿರೇ ಇಲ್ಲ, ಹಣೆಯ ಮೇಲೆ ಒಂದು ಅಂಕಿ ಅಷ್ಟೆ.

ಏಳನೆಯವನು ನನ್ನ ಕಲ್ಪನೆ. ಆದರೆ ಅಂಥವನು ನಿಜಕ್ಕೂ ಇದ್ದ. 2005ರ ಜೂನ್ 28ರಂದು ಅಫ್ಘಾನಿಸ್ತಾನದ ಕುನಾರ್ ಪ್ರಾಂತದ ಬೆಟ್ಟವೊಂದರ ಇಳಿಜಾರಿನಲ್ಲಿ ಅಮೆರಿಕ ನೌಕಾಪಡೆಯ ನಾಲ್ವರು ಕಮಾಂಡೋಗಳು ದಾಳಿಗೆ ಸಿಕ್ಕಿಬಿದ್ದರು. ಕಣಿವೆಯೊಳಗಿಂದ ರೇಡಿಯೋ ಸಂಪರ್ಕ ಸಿಗಲಿಲ್ಲ. ತಂಡದ ನಾಯಕ ಲೆಫ್ಟಿನೆಂಟ್ ಮೈಕೆಲ್ ಮರ್ಫಿ ಬಂಡೆಗಳ ಮರೆಬಿಟ್ಟು ಬಯಲಿಗೆ ಬಂದು, ಆಕಾಶ ಕಾಣುವ ಜಾಗದಲ್ಲಿ ನಿಂತು ಉಪಗ್ರಹ ಫೋನಿನಲ್ಲಿ ನೆರವು ಕೇಳಿದರು. ಕರೆ ತಲುಪಿತು. ಅವರು ಬದುಕಲಿಲ್ಲ. ನಾಲ್ವರಲ್ಲಿ ಮೂವರು ಸತ್ತರು. ನೆರವಿಗೆ ಬಂದ ಹೆಲಿಕಾಪ್ಟರನ್ನು ಹೊಡೆದುರುಳಿಸಿದ್ದರಿಂದ ಅದರಲ್ಲಿದ್ದ ಹದಿನಾರು ಮಂದಿಯೂ ಹೋದರು. ಸಿಗ್ನಲ್ಲಿಗಾಗಿ ಮರೆಬಿಟ್ಟು ಹೊರಬರುವುದು ಅಂದರೆ ಕೊನೆಯ ಗದ್ದೆಯವನು ತೂಬಿನ ಬಾಯಿಗೆ ನಡೆದಂತೆ. ಅಲ್ಲಿ ಅವನಿಗಾಗಿ ಬೇರೆಯವರೂ ಕಾಯುತ್ತಿರುತ್ತಾರೆ.

ಇಂಥ ಕಣಿವೆಗಳ ಮೇಲೆ ಹಾರಿಸಲೆಂದೇ ಆಮೇಲಿನ ವರ್ಷಗಳಲ್ಲಿ ಅಮೆರಿಕದ ವಾಯುಪಡೆ 'ಬೇಕನ್' ಎಂಬ ಸಲಕರಣೆ ತಂದಿತು. ಬೇರೆಬೇರೆ ಬಗೆಯ, ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದ ರೇಡಿಯೋಗಳನ್ನು ಅದು ಆಕಾಶದಲ್ಲಿ ಕೂತು ಒಂದಕ್ಕೊಂದು ಜೋಡಿಸುತ್ತದೆ. ಅದನ್ನು ಹೊತ್ತದ್ದು ಇ-11ಎ ಎಂಬ ವಿಮಾನ ಮತ್ತು ಇಕ್ಯೂ-4ಬಿ ಎಂಬ ದೊಡ್ಡ ಡ್ರೋನ್. ಸೈನಿಕರು ಅದಕ್ಕೆ 'ಆಕಾಶದ ವೈಫೈ' ಅಂತಲೇ ಹೆಸರಿಟ್ಟರು. ನಾನು ಓದುತ್ತಿರುವ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ. ಎತ್ತರ ಎಷ್ಟಿರಬೇಕು ಎಂಬುದರ ಮೇಲೇ ಒಂದು ಸಾಹಿತ್ಯ ರಾಶಿ ಇದೆ. ಮೇಲೇರಿದಷ್ಟೂ ಗುಡ್ಡದ ಮರೆ ಕಡಿಮೆಯಾಗುತ್ತದೆ, ಆದರೆ ದೂರ ಹೆಚ್ಚಾಗಿ ಸಂಕೇತ ಸೊರಗುತ್ತದೆ. ಎರಡರ ನಡುವೆ ಒಂದು ಹದವಾದ ಎತ್ತರ ಇದೆ ಎಂದು 2014ರಲ್ಲಿ ಅಲ್-ಹೊರಾನಿ ಮತ್ತು ಸಂಗಡಿಗರು ನಾಲ್ಕೇ ಪುಟಗಳಲ್ಲಿ ತೋರಿಸಿದರು. ಆಮೇಲೆ ಬಂದ ಎಷ್ಟೋ ಪ್ರಬಂಧಗಳಂತೆ ನನ್ನದೂ ಅದರ ಬೆನ್ನಿಗೆ ಹುಟ್ಟಿದ್ದು.

ಬೇಕನ್ ದಾಟಿಸುತ್ತಿದ್ದುದು ಏನನ್ನು? ಕಣಿವೆಯಲ್ಲಿ ಸಿಕ್ಕಿಕೊಂಡವನ ಕೂಗನ್ನು. ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ, ಎಲ್ಲಿ ಬಾಂಬು ಬೀಳಬೇಕು ಎಂಬ ಅಂಕಿಗಳನ್ನೂ. ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ. ಎಷ್ಟೋ ಸಲ ಆ ಕೂಗಿನ ಅರ್ಥವೇ "ಇಲ್ಲಿ ಹಾಕಿ" ಎಂದಿರುತ್ತದೆ. ನನ್ನ ಕನ್ನಡ ಎಂಎ ಗೆಳತಿಯೊಬ್ಬಳು ಹಾಸ್ಟೆಲಿನಲ್ಲಿ ಕೇಳುತ್ತಿದ್ದಳು, "ನಿನ್ನ ಸಂಶೋಧನೆ ಜೀವ ಉಳಿಸೋದಾ, ತೆಗೆಯೋದಾ?" ಎಂದು. ಅವಳಿಗೆ ಮಾವನ ಕಥೆ ಹೇಳಿದರೆ "ಉಳಿಸೋದು" ಅನ್ನುತ್ತಿದ್ದಳು, ಉಳಿದದ್ದನ್ನು ಹೇಳಿದರೆ ಸುಮ್ಮನಾಗುತ್ತಿದ್ದಳು. ಇಬ್ಬರಿಗೂ ಇದು ಮುಗಿಯದ ವಾದ.

ಈ ಕಾಲದ ಚಿತ್ರ ಬೇಕಾದರೆ ಉಕ್ರೇನ್ ನೋಡಬೇಕು. ಅಲ್ಲಿ ಎರಡೂ ಕಡೆಯವರು ಹಾರಿಸುವ ಸಣ್ಣ ಡ್ರೋನುಗಳಲ್ಲಿ ಬಹಳಷ್ಟರ ಕ್ಯಾಮೆರಾ ಚಿತ್ರ ಬಂದದ್ದು 5.8 ಗಿಗಾಹರ್ಟ್ಸ್ ಸುತ್ತಲಿನ ಪಟ್ಟಿಯಲ್ಲಿ. ಡ್ರೋನ್ ರೇಸ್ ಆಡುವ ಹವ್ಯಾಸಿಗಳು ತಮ್ಮ ಆಟಕ್ಕೆಂದು ಅದರಲ್ಲಿ ಎಂಟು ಚಾನೆಲ್ ಗುರುತಿಸಿಕೊಂಡಿದ್ದರು. ಆಟದ ಸಾಮಾನೇ ಯುದ್ಧಕ್ಕೆ ಹೋಯಿತು, ಜೊತೆಗೆ ಅದರ ಇಕ್ಕಟ್ಟೂ ಹೋಯಿತು. ಹಳೆಯ ಅನಲಾಗ್ ವಿಡಿಯೊದಲ್ಲಿ ಅಕ್ಕಪಕ್ಕದ ಇಬ್ಬರು ಒಂದೇ ಚಾನೆಲ್ ಹಿಡಿದರೆ ಒಬ್ಬನ ಕನ್ನಡಕದಲ್ಲಿ ಇನ್ನೊಬ್ಬನ ಚಿತ್ರ ಮೂಡುತ್ತದೆ. ಹಾಗಾಗಿ ಒಂದೇ ದಂಡಿನವರೂ ನಾನು ಮೊದಲು, ನೀನು ಆಮೇಲೆ ಎಂದು ಸರದಿ ಹಚ್ಚಿ ಹಾರಿಸಬೇಕಾಯಿತು. ಶತ್ರುವಿನ ಸಂಕೇತ ಕೆಡಿಸಲು ಹಚ್ಚಿದ ಜ್ಯಾಮರ್ ಎಷ್ಟೋ ಸಲ ತಮ್ಮವರದನ್ನೇ ಕೆಡಿಸಿತು. ಕೊನೆಗೆ 2024ರಿಂದೀಚೆಗೆ ರೇಡಿಯೋದ ಸಹವಾಸವೇ ಬೇಡವೆಂದು, ಕೂದಲೆಳೆಯಂಥ ಆಪ್ಟಿಕಲ್ ಫೈಬರನ್ನು ಹತ್ತಾರು ಕಿಲೋಮೀಟರ್ ಬಿಚ್ಚಿಕೊಂಡು ಹಾರುವ ಡ್ರೋನುಗಳು ಬಂದವು. ಅಲ್ಲಿನ ಹೊಲಗಳ ಮೇಲೆ ಬೆಳಗಿನ ಬಿಸಿಲಿಗೆ ಆ ಎಳೆಗಳು ಜೇಡರ ಬಲೆಯಂತೆ ಹೊಳೆಯುವ ಫೋಟೋಗಳನ್ನು ನೀವೂ ನೋಡಿರಬಹುದು. ಹಂಚಿಕೆಯ ಮೇಲೆ ಪ್ರಬಂಧ ಬರೆಯುವವಳಿಗೆ ಅದು ಸ್ವಲ್ಪ ಅವಮಾನದ ಫೋಟೋ ಎಂಬುದನ್ನೂ ಹೇಳಬೇಕು.

ಇಷ್ಟು ಹೇಳುವಾಗಲೂ ನಾನು ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎನ್ನುವುದನ್ನು ಗಮನಿಸಿ. ಐದು ಕಿಲೋಮೀಟರಿನ ಆ ಬಯಲಿನಲ್ಲಿ ಹನ್ನೆರಡು ಸೈನಿಕರನ್ನು ಬಿಟ್ಟು ಬೇರೆ ಯಾರೂ ಇಲ್ಲವೇ? ಊರಿಲ್ಲವೇ, ಆಸ್ಪತ್ರೆ ಇಲ್ಲವೇ, ಅಂಗಡಿಯಲ್ಲಿ ಕೂತು ಮಗನಿಗೆ ಫೋನ್ ಮಾಡುವವರು ಇಲ್ಲವೇ? ಇದ್ದಾರೆ. ಶಾನನ್‌ನ ಸೂತ್ರದಲ್ಲಿ ಗದ್ದಲಕ್ಕೆ 'ಎನ್' ಎಂಬ ಅಕ್ಷರ ಇದೆ. ಊರಿನವರ ಫೋನುಗಳು, ವೈಫೈಗಳು, ಪಕ್ಕದ ಪಟ್ಟಿಯಿಂದ ಸೋರುವ ಮಾತುಗಳು ಎಲ್ಲವೂ ನಮ್ಮ ಪ್ರಬಂಧಗಳಲ್ಲಿ ಆ ಒಂದು ಅಕ್ಷರದೊಳಗೆ ಹೋಗಿ ಕೂತಿವೆ. ಅವರ ಮಾತು ನಮಗೆ ಗದ್ದಲ. ನಮ್ಮ ಮಾತು ಅವರಿಗೆ ಏನು ಎನ್ನುವುದಕ್ಕೆ ಸೂತ್ರದಲ್ಲಿ ಅಕ್ಷರವೇ ಇರಲಿಲ್ಲ.

2015ರ ಅಕ್ಟೋಬರ್ 3ರ ನಡುರಾತ್ರಿ ಕಳೆದ ಮೇಲೆ ಅದೇ ಅಫ್ಘಾನಿಸ್ತಾನದ ಕುಂದುಜ್ ನಗರದಲ್ಲಿ ಅಮೆರಿಕದ ಎಸಿ-130 ಯುದ್ಧವಿಮಾನ 'ಗಡಿಯಿಲ್ಲದ ವೈದ್ಯರು' ಸಂಸ್ಥೆಯ ಆಸ್ಪತ್ರೆಯ ಮೇಲೆ ಗುಂಡು ಸುರಿಸಿತು. ಸತ್ತವರು 42 ಮಂದಿ. ಅವರಲ್ಲಿ 24 ರೋಗಿಗಳು, 14 ಸಿಬ್ಬಂದಿ, ರೋಗಿಗಳನ್ನು ನೋಡಿಕೊಳ್ಳಲು ಬಂದಿದ್ದ ನಾಲ್ವರು. ಆಸ್ಪತ್ರೆ ಎಲ್ಲಿದೆ ಎಂಬ ಅಕ್ಷಾಂಶ ರೇಖಾಂಶಗಳನ್ನು ಸಂಸ್ಥೆ ಕೆಲವೇ ದಿನಗಳ ಹಿಂದೆ ಸೇನೆಗೆ ಮತ್ತೊಮ್ಮೆ ಕಳಿಸಿತ್ತು. ಆ ನವೆಂಬರಿನಲ್ಲಿ ಜನರಲ್ ಜಾನ್ ಕ್ಯಾಂಪ್‌ಬೆಲ್ ತನಿಖೆಯ ಸಾರವನ್ನು ಹೇಳಿದರು. ಹಾರಾಟದ ನಡುವೆ ವಿಮಾನದ ಎಲೆಕ್ಟ್ರಾನಿಕ್ ವ್ಯವಸ್ಥೆ ಕೆಟ್ಟು, ವಿಡಿಯೊ ಕಳಿಸಲು, ಸಂದೇಶಗಳನ್ನು ಕಳಿಸಲು ಪಡೆಯಲು ಆಗದಂತಾಗಿತ್ತು. ಗುರಿಯ ಅಂಕಿಗಳು ಒಂದು ಖಾಲಿ ಬಯಲನ್ನು ತೋರಿಸಿದವು, ಸಿಬ್ಬಂದಿ ಹತ್ತಿರದ ದೊಡ್ಡ ಕಟ್ಟಡವನ್ನೇ ಗುರಿ ಎಂದು ಹಿಡಿದರು. ಇದನ್ನೆಲ್ಲ ಬರಿಯ ಕೆಟ್ಟ ಯಂತ್ರದ ತಲೆಗೆ ಕಟ್ಟಲು ಆಗುವುದಿಲ್ಲ. ಮನುಷ್ಯರ ತಪ್ಪು, ಕ್ರಮಗಳ ಉಲ್ಲಂಘನೆ ಎಂದು ಸೇನೆಯೇ ಒಪ್ಪಿಕೊಂಡಿತು. ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಮುಂದಿನ ಸಂಗತಿಯ ಹತ್ತಿರ. ದಾಳಿ ನಡೆಯುತ್ತಿರುವಾಗಲೇ ಸಂಸ್ಥೆಯವರು ಕಾಬೂಲಿಗೆ, ವಾಷಿಂಗ್ಟನ್ನಿಗೆ ಫೋನ್ ಮಾಡಿದರು, ಎಸ್ಸೆಮ್ಮೆಸ್ ಕಳಿಸಿದರು. ಸೇನೆಯ ಲೆಕ್ಕದಲ್ಲೇ ಗುಂಡಿನ ಮಳೆ 29 ನಿಮಿಷ ನಡೆಯಿತು. ಒಂದು ಎಸ್ಸೆಮ್ಮೆಸ್ಸಿನ ಗಾತ್ರ 140 ಬೈಟ್. ನನ್ನ ಏಳನೆಯವನ ದಾರಿಯಲ್ಲಿ ಕಳಿಸಿದರೆ ಅರ್ಧ ಸೆಕೆಂಡಿನ ಕೆಲಸ. ಆ ಫೋನುಗಳಿಂದ ಆ ವಿಮಾನಕ್ಕೆ ನೇರ ದಾರಿಯೇ ಇರಲಿಲ್ಲ. ಒಬ್ಬ ಅಧಿಕಾರಿಯಿಂದ ಇನ್ನೊಬ್ಬರಿಗೆ ಮೆಟ್ಟಿಲು ಹತ್ತಿ ಇಳಿದು ಹೋಗಬೇಕಿತ್ತು.

ತರಂಗಾಂತರದಲ್ಲಿ ಸೇನೆ ಮತ್ತು ಜನ ಎದುರುಬದುರಾಗುವುದು ಯುದ್ಧದ ಜಾಗದಲ್ಲಿ ಮಾತ್ರವಲ್ಲ. ನಮ್ಮ ಮೊಬೈಲುಗಳಿಗೆ ಜಾಗ ಬಿಡಿಸಲು ಭಾರತದ ಸೇನೆಯ ಹಿಡಿತದಲ್ಲಿದ್ದ ತರಂಗಾಂತರಗಳಲ್ಲಿ ಕೆಲವನ್ನು ತೆರವು ಮಾಡಿಸಿ, ಅದಕ್ಕೆ ಬದಲಾಗಿ ನೆಲದಡಿ ಫೈಬರ್ ಜಾಲ ಹಾಕಿಕೊಡುವ ಯೋಜನೆಗೆ 2012ರಲ್ಲಿ 13,334 ಕೋಟಿ ರೂಪಾಯಿ, 2018ರಲ್ಲಿ ಮತ್ತೆ 11,330 ಕೋಟಿ ರೂಪಾಯಿ ಮಂಜೂರಾಯಿತು. ಅಮೆರಿಕದಲ್ಲಿ 3.5 ಗಿಗಾಹರ್ಟ್ಸ್ ಪಟ್ಟಿಯನ್ನು 2015ರಿಂದ ಮೂರು ಮೆಟ್ಟಿಲು ಮಾಡಿದ್ದಾರೆ. ನೌಕಾಪಡೆಯ ರಡಾರ್ ಮೊದಲ ಮೆಟ್ಟಿಲಿನಲ್ಲಿದೆ, ದುಡ್ಡು ಕೊಟ್ಟ ಕಂಪನಿ ಎರಡನೆಯದರಲ್ಲಿ, ಉಳಿದ ಎಲ್ಲರೂ ಮೂರನೆಯದರಲ್ಲಿ. ಮೇಲಿನವರು ಬಂದರೆ ಕೆಳಗಿನವರು ಎದ್ದು ಹೋಗಬೇಕು. ಬಸ್ಸಿನಲ್ಲಿ ಕಾದಿರಿಸಿದ ಸೀಟಿನ ಹಾಗೆ. ನಮ್ಮ ಚಳ್ಳಕೆರೆಯಲ್ಲಿ ಇದರ ನೆಲದ ರೂಪ ಇದೆ. ದನ ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಸಂಶೋಧನಾ ಸಂಸ್ಥೆಗಳಿಗೆ ಹೋಯಿತು, ಊರವರ ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅಲ್ಲೀಗ ರಕ್ಷಣಾ ಸಂಶೋಧನೆಯ ಹಾರಾಟದ ನೆಲೆ ಇದೆ. 2023ರ ಜೂನ್‌ನಲ್ಲಿ ಅಲ್ಲಿಂದ ಎದ್ದ ತಪಸ್ ಡ್ರೋನಿನ ಹಿಡಿತವನ್ನು ಕಾರವಾರದಾಚೆ ಸಮುದ್ರದಲ್ಲಿದ್ದ ಸುಭದ್ರಾ ಎಂಬ ಹಡಗಿಗೆ ದಾಟಿಸಿ ನಲವತ್ತು ನಿಮಿಷ ನಡೆಸಿದರು. ಸುದ್ದಿ ಓದಿದಾಗ ತಾಂತ್ರಿಕವಾಗಿ ಎಷ್ಟು ಸೊಗಸಾದ ಕೆಲಸ ಅಂದುಕೊಂಡೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ. ಕಾವಲಿನ ಕುರಿಗಳ ವಿಷಯ ಅದರ ಪಕ್ಕದಲ್ಲೇ ಬಂದು ನಿಲ್ಲುತ್ತದೆ, ಎರಡನ್ನೂ ಒಟ್ಟಿಗೆ ನೋಡುವುದು ರೂಢಿಯಾಗಿದೆ.

ನಾಲ್ಕನೇ ಅಧ್ಯಾಯದಲ್ಲಿ ನಾನು ಬಯಲಿಗೆ ಹದಿಮೂರನೆಯ ಚುಕ್ಕಿಯೊಂದನ್ನು ಸೇರಿಸಿದ್ದೇನೆ. ಅದು ಯಾವ ದಂಡಿಗೂ ಸೇರಿದ್ದಲ್ಲ. ಪ್ರಬಂಧದಲ್ಲಿ ಅದರ ಹೆಸರು 'ಸಂರಕ್ಷಿತ ಸ್ಥಳ', ನನ್ನ ನೋಟ್‌ಬುಕ್ಕಿನಲ್ಲಿ 'ಆಸ್ಪತ್ರೆ'. ಎರಡು ನಿಬಂಧನೆ ಹಾಕಿದ್ದೇನೆ. ಡ್ರೋನ್ ಮತ್ತು ಹನ್ನೆರಡೂ ಜನ ಸೇರಿ ಆ ಚುಕ್ಕಿಯ ಬಳಿ ಎಬ್ಬಿಸುವ ಗದ್ದಲ ಇಷ್ಟು ಮೀರಬಾರದು ಎನ್ನುವುದು ಒಂದು. ಅಂದರೆ ಅಮೆರಿಕದ ಆ ಮೂರು ಮೆಟ್ಟಿಲನ್ನು ತಲೆಕೆಳಗು ಮಾಡಿ, ಜನರನ್ನು ಮೊದಲನೆಯದರಲ್ಲಿ ಕೂರಿಸಿದಂತೆ. ಇನ್ನೊಂದು, ಆ ಚುಕ್ಕಿಯಿಂದ ಜಾಲದೊಳಕ್ಕೆ ಸೆಕೆಂಡಿಗೆ 2400 ಬಿಟ್‌ನ ಒಂದು ದಾರಿ ಸದಾ ತೆರೆದಿರಬೇಕು, ಅತಿ ತುರ್ತಿನ ದರ್ಜೆಯಲ್ಲಿ, ಯಾವ ವಿಡಿಯೊಗೂ ಅದನ್ನು ಬಿಟ್ಟುಕೊಡುವಂತಿಲ್ಲ. ಗಣಿತ ಇದನ್ನು ಏನೂ ತಕರಾರಿಲ್ಲದೆ ನುಂಗಿಕೊಂಡಿತು. ಎರಡು ಅಸಮಾನತೆಗಳು ಹೆಚ್ಚಾದವು, ಉತ್ತರ ಬರಲು ಸ್ವಲ್ಪ ಹೆಚ್ಚು ಹೊತ್ತು ಬೇಕಾಯಿತು, ಅಷ್ಟೆ.

ನಮ್ಮ ಗೈಡ್ ಓದಿ, "ಚೆನ್ನಾಗಿದೆಯಮ್ಮ, ಆದರೆ ಯಾವ ಸೇನೆ ಇದನ್ನು ಹಾಕಿಕೊಳ್ಳುತ್ತೆ?" ಅಂದರು. ಕುಹಕದಿಂದ ಅಲ್ಲ, ನಿಜವಾಗಿಯೂ ಕೇಳಿದರು. "ಹಾಕಿಕೊಳ್ಳೋದು ಬಿಡೋದು ಅವರಿಗೆ ಸೇರಿದ್ದು ಸರ್. ಹಾಕಿಕೊಂಡರೆ ಎಷ್ಟು ಖರ್ಚು ಅಂತ ನಾವು ಹೇಳಬಹುದಲ್ಲ," ಎಂದೆ. ಅವರು ಒಪ್ಪಿ, ಅಧ್ಯಾಯವನ್ನು ಪ್ರಬಂಧವಾಗಿ ಒಂದು ಪತ್ರಿಕೆಗೆ ಕಳಿಸಲು ಹೇಳಿದರು.

ಕಳೆದ ತಿಂಗಳು ವಿಮರ್ಶಕರ ಅಭಿಪ್ರಾಯ ಬಂದಿದೆ. ಮೊದಲನೆಯವರು ಹದಿಮೂರನೆಯ ಚುಕ್ಕಿ ಇಟ್ಟದ್ದರ ಉದ್ದೇಶ ತಿಳಿಯಲಿಲ್ಲ ಅಂದಿದ್ದಾರೆ. ಅದಕ್ಕೆ ಕುಂದುಜ್‌ನ ಒಂದು ಪುಟ ಸಾಕು, ಬರೆದಾಗಿದೆ. ಎರಡನೆಯವರು ಕೇಳಿರುವುದು ಕಷ್ಟದ ಪ್ರಶ್ನೆ. ಹೊರಗಿನವರಿಗೆ ಸೇನೆಯ ಜಾಲದೊಳಕ್ಕೆ ಸದಾ ತೆರೆದ ದಾರಿ ಇಟ್ಟರೆ, ಶತ್ರುವೂ ಅದೇ ದಾರಿಯಲ್ಲಿ ಬಂದು "ಇದು ಆಸ್ಪತ್ರೆ" ಅನ್ನಬಹುದಲ್ಲ, ಕರೆಯುತ್ತಿರುವುದು ಆಸ್ಪತ್ರೆಯೇ ಎಂದು ಡ್ರೋನ್ ಹೇಗೆ ನಂಬಬೇಕು? ಮೊದಲೇ ಹಂಚಿದ ಗುಪ್ತ ಕೀಲಿ ಅನ್ನಬಹುದು. ಆದರೆ ಬಾಂಬು ಬೀಳುವ ಊರಿನಲ್ಲಿ ಆಸ್ಪತ್ರೆ ಇವತ್ತು ಇಲ್ಲಿದ್ದು ನಾಳೆ ಶಾಲೆಯೊಂದರ ನೆಲಮಾಳಿಗೆಗೆ ಹೋಗಿರುತ್ತದೆ, ಕೀಲಿ ಇದ್ದವರು ಬದುಕಿರುತ್ತಾರೆಂಬ ಖಾತ್ರಿಯೂ ಇಲ್ಲ. ಮಾವನಿಗೆ ಫೋನಿನಲ್ಲಿ ಇದನ್ನೂ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ನಮ್ಮ ಕಾಲದಲ್ಲಿ ದಿನದ ಪಾಸ್‌ವರ್ಡ್ ಇರೋದು, ಅದನ್ನ ಮರೆತೋನು ಬಂದ್ರೆ ಅವನ ಊರಿನ ವಿಚಾರ ಕೇಳ್ತಿದ್ವಿ ಅಂದರು. ಅದನ್ನು ಸೂತ್ರಕ್ಕೆ ಇಳಿಸುವುದು ಹೇಗೆಂದು ನೋಡುತ್ತಿದ್ದೇನೆ. ಉತ್ತರ ಕಳಿಸಲು ಇನ್ನು ಹದಿನೆಂಟು ದಿನ ಇದೆ.